ಅಂತರಂಗ ದರ್ಶನಕ್ಕೆ ಅವಲಕ್ಕಿಯ ಅಡ್ಡಿ

ಮನುಷ್ಯನಾಗಿ ಹುಟ್ಟಿದವನು ಸಾಯುವುದರೊಳಗೆ ಒಮ್ಮೆಯಾದರೂ ತನ್ನ ಅಂತರಂಗವನ್ನು ಕಾಣಬೇಕೆಂದು ಹಿರಿಯರು ಉಪದೇಶಿಸಿದ್ದಾರೆ. ಹಾಗೆ ಕಾಣಹೊರಟವನು ಮುಂಚಿತವಾಗಿ ಒಂದು ಲೀಟರ್ ನೀರು ಕುಡಿದು, ಮೂತ್ರಕ್ಕೆ ಹೋಗದೆ, ಬಂದ್ಯೋಡಿನ ಒಂದು ಕಟ್ಟಡದ ಮೊದಲ ಮಾಳಿಗೆಯ ಬೆಂಚಿನ ಮೇಲೆ ಕಾಲಿಗೆ ಕಾಲು ಹೆಣೆದುಕೊಂಡು ಕೂತಿರಬೇಕೆಂಬ ಸಾಧನಾಮಾರ್ಗವನ್ನು ಮಾತ್ರ ಅವರು ತಿಳಿಸಲು ಮರೆತರು.

ಈ ಮಾರ್ಗಕ್ಕೆ ನಾನು ಬಂದದ್ದು ವೈರಾಗ್ಯದಿಂದಲ್ಲ, ಬಲಪಕ್ಕೆಯ ನೋವಿನಿಂದ. ಊಟವಾಗಿ ಒಂದು ಗಂಟೆಯೊಳಗೆ ಪಕ್ಕೆಲುಬಿನ ಕೆಳಗೆ ಯಾರೋ ಹೊಸತಾಗಿ ಬಾಡಿಗೆಗೆ ಬಂದು ಕಪಾಟು ಸರಿಸುತ್ತಿರುವಂತಹ ನೋವು. ನಮ್ಮ ವೈದ್ಯರು ಹೊಟ್ಟೆಯನ್ನು ಅಲ್ಲಲ್ಲಿ ಒತ್ತಿ, ನಾನು ಎಲ್ಲಿ ಹೆಚ್ಚು ಮುಖ ಹುಳಿ ಮಾಡುತ್ತೇನೆಂದು ನೋಡಿ, ಚೀಟಿಯಲ್ಲಿ ಪಿತ್ತಕೋಶದ ಕಲ್ಲು ಎಂಬರ್ಥ ಬರುವಂತೆ ಬರೆದು, ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟರು. ಪೈವಳಿಕೆಯ ಆಸುಪಾಸಿನ ಶಾಲೆಗಳಲ್ಲಿ ಮೂವತ್ತೆರಡು ವರ್ಷ ಕನ್ನಡ ಕಲಿಸಿದ ನಾನು ಲೇಖನ ಚಿಹ್ನೆಗಳ ಮೇಲೆ ಎಷ್ಟೋ ಪಾಠ ಮಾಡಿದ್ದೇನೆ. ಅವುಗಳಲ್ಲೊಂದು ಇಷ್ಟು ಭಾರವಿರಬಹುದೆಂದು ಗೊತ್ತಿರಲಿಲ್ಲ. ಸ್ಕ್ಯಾನ್ ಮಾಡಿಸಿ, ಕಲ್ಲಿದ್ದರೆ ಆಪರೇಷನ್ ಎಂದರು. ಕ್ಷೌರಿಕನ ಕತ್ತಿಯೊಂದನ್ನು ಬಿಟ್ಟರೆ ಅರುವತ್ತೇಳು ವರ್ಷಗಳಲ್ಲಿ ಯಾವ ಆಯುಧಕ್ಕೂ ಮೈಯೊಡ್ಡದ ನನಗೆ ಆ ರಾತ್ರಿ ನಿದ್ದೆ ಅಷ್ಟಾಗಿ ಹತ್ತಲಿಲ್ಲ.

ಸ್ಕ್ಯಾನ್ ಮಾಡುವಲ್ಲಿಗೆ ಫೋನು ಮಾಡಿದಾಗ ಅಲ್ಲಿಯ ಸಿಸ್ಟರ್ ಅತ್ಯಂತ ಸ್ಪಷ್ಟವಾಗಿ ಹೇಳಿದ್ದರು: “ಬೆಳಿಗ್ಗೆ ಉಪವಾಸ ಬರ್ಬೇಕು ಮಾಷ್ಟ್ರೇ. ನೀರು ಚೆನ್ನಾಗಿ ಕುಡೀರಿ. ಮೂತ್ರಕ್ಕೆ ಹೋಗ್ಬೇಡಿ, ಕಟ್ಟಿ ಇಟ್ಕೊಳ್ಳಿ.”

ಇದರಲ್ಲಿ ಕೊನೆಯದು ನನಗೆ ಕಷ್ಟವಾಗಿ ಕಂಡಿತೇ ಹೊರತು ಮೊದಲನೆಯದಲ್ಲ. ಏಕೆಂದರೆ, ಪ್ರಿಯ ಓದುಗರೇ, ಉಪವಾಸದ ವಿಷಯದಲ್ಲಿ ನಾನು ಪಳಗಿದವನು. ಶನಿವಾರ, ಸಂಕಷ್ಟಿ, ಏಕಾದಶಿ ಎಂದು ನಮ್ಮ ಮನೆಯಲ್ಲಿ ಉಪವಾಸಕ್ಕೆ ಎಂದೂ ಬರಗಾಲವಿಲ್ಲ. ನಮ್ಮಲ್ಲಿ ಉಪವಾಸವೆಂದರೆ ಅನ್ನದೊಡನೆ ಅಸಹಕಾರವೇ ಹೊರತು ಆಹಾರದೊಡನೆ ಅಲ್ಲ. ಅನ್ನದ ಒಂದು ಅಗುಳನ್ನೂ ಮುಟ್ಟದೆ ಅವಲಕ್ಕಿ, ಸಜ್ಜಿಗೆ, ಬಾಳೆಹಣ್ಣು, ಹಾಲು ಮುಂತಾದ ನಿರುಪದ್ರವಿ ವಸ್ತುಗಳಿಂದ ಜೀವ ಹಿಡಿದುಕೊಳ್ಳುವ ಈ ಕಠೋರ ವ್ರತವನ್ನು ನನ್ನ ಅಮ್ಮ ಎಷ್ಟು ನಿಷ್ಠೆಯಿಂದ ಆಚರಿಸುತ್ತಿದ್ದರೆಂದರೆ, ಮಕ್ಕಳಾದ ನಾವು ತಿಂಗಳಿಗೆ ಎರಡೇ ಏಕಾದಶಿ ಇಟ್ಟವರ ಜಿಪುಣತನಕ್ಕೆ ಮರುಗುತ್ತಿದ್ದೆವು. ಅಮ್ಮನ ಪರಂಪರೆಯನ್ನು ನನ್ನ ಹೆಂಡತಿ ಜಯಂತಿ ಲೋಪವಿಲ್ಲದೆ ನಡೆಸಿಕೊಂಡು ಬಂದಿದ್ದಾಳೆ. ಆ ಬೆಳಿಗ್ಗೆಯೂ ಅವಳು ಅದನ್ನು ಲೋಪವಿಲ್ಲದೆ ನಡೆಸಿದಳು.

ಉಪವಾಸ ಮುಗಿಸಿ ಕೈತೊಳೆದು, ಒಂದು ಲೀಟರ್ ನೀರು ಕುಡಿದು, ಅಬ್ದುಲ್ಲನ ಆಟೋ ಹತ್ತಿದೆವು. ಅಬ್ದುಲ್ಲ ನನ್ನ ಹಳೆಯ ವಿದ್ಯಾರ್ಥಿ. ಸಂಧಿ ಸಮಾಸಗಳಲ್ಲಿ ನಾನು ಅವನಿಗೆ ಕೊಟ್ಟ ಹಿಂಸೆಯನ್ನೆಲ್ಲ ಆ ದಿನ ರಸ್ತೆಯ ಮೂಲಕ ಬಡ್ಡಿಸಮೇತ ಹಿಂತಿರುಗಿಸಿದ. ಗುಂಡಿ ತಪ್ಪಿಸಿ ಹೋಗೆಂದು ದೀನನಾಗಿ ಬೇಡಿದರೆ, “ಗುಂಡಿ ತಪ್ಪಿಸಿದ್ರೆ ಮಾರ್ಗವೇ ತಪ್ತದೆ ಮಾಷ್ಟ್ರೇ” ಎಂದ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಗಾದೆ ಮಾಡಿದವರು ಅದನ್ನು ಆಟೋದಲ್ಲಿ ಸಾಗಿಸಿ ನೋಡಿದವರಲ್ಲ.

ಕಾಯುವ ಕೋಣೆಯಲ್ಲಿ, ಹುಟ್ಟಲಿರುವ ಮಗು ಗಂಡೋ ಹೆಣ್ಣೋ ಎಂದು ಇಲ್ಲಿ ಹೇಳಲಾಗುವುದಿಲ್ಲವೆಂಬ ಫಲಕ ಮೂರು ಭಾಷೆಗಳಲ್ಲಿತ್ತು. ಮೂರನ್ನೂ ಓದಿದೆ, ನನಗೆ ನಿರಾಶೆಯಾಗಲಿಲ್ಲ. ಪಕ್ಕದಲ್ಲಿ ಬಾಟಲಿ ಹಿಡಿದು ಕೂತ ವೃದ್ಧರೊಬ್ಬರನ್ನು, ನೀರು ಇನ್ನೂ ತುಂಬಿಲ್ಲವೆಂದು ಎರಡು ಸಲ ಹಿಂದೆ ಕಳಿಸಿದ್ದರಂತೆ. “ಇದು ಎಂತ ಅವಸ್ಥೆ ಮಾರಾಯ್ರೆ, ಬೇಕಾದಾಗ ಬರುದಿಲ್ಲ, ಬೇಡದಾಗ ನಿಲ್ಲುದಿಲ್ಲ” ಎಂದು ಅವರು ನಿಟ್ಟುಸಿರು ಬಿಟ್ಟರು. ಜಾತಿ ಮತಗಳ ಹಂಗಿಲ್ಲದ ಭ್ರಾತೃತ್ವವನ್ನು ನಾನು ಕಂಡದ್ದು ತುಂಬಿದ ಮೂತ್ರಕೋಶಗಳ ಆ ಬೆಂಚಿನಲ್ಲಿ.

ಒಳಗೆ ಮಬ್ಬುಗತ್ತಲು. ಡಾಕ್ಟರು ನನ್ನ ಕೊನೆಯ ತಂಡದ ವಿದ್ಯಾರ್ಥಿನಿಯರ ವಯಸ್ಸಿನವರು. ಹೊಟ್ಟೆಯ ಮೇಲೆ ತಣ್ಣನೆಯ ಲೋಳೆಯೊಂದನ್ನು ಹಚ್ಚಿ, ಇಸ್ತ್ರಿಪೆಟ್ಟಿಗೆಯ ಮರಿಯಂತಹ ಒಂದು ಉಪಕರಣವನ್ನು ಆಡಿಸತೊಡಗಿದರು. ಇದರಲ್ಲಿ ಸೂಜಿಯಿಲ್ಲ, ನೋವಿಲ್ಲ, ಸುಡುವ ಕಿರಣವೂ ಇಲ್ಲ. ಕಿವಿಗೆ ಕೇಳದ ಸದ್ದನ್ನು ಒಳಗೆ ಕಳಿಸಿ, ಅದರ ಮಾರ್ದನಿಯಿಂದ ಚಿತ್ರ ಬರೆಯುವುದಷ್ಟೆ. ಮೂವತ್ತೆರಡು ವರ್ಷ ನಾನೂ ಮಕ್ಕಳ ಕಡೆಗೆ ಸದ್ದು ಕಳಿಸಿ ಮಾರ್ದನಿಗೆ ಕಾದವನು. ನನ್ನ ಯಕೃತ್ತು ಆ ಮಕ್ಕಳಿಗಿಂತ ಚುರುಕಾಗಿ ಉತ್ತರಿಸುತ್ತಿರುವುದನ್ನು ಕಂಡು ಹೆಮ್ಮೆಯಾಯಿತು.

ಉಪಕರಣ ಬಲಪಕ್ಕೆಯಲ್ಲಿ ನಿಂತಿತು. ಒತ್ತಿತು. ಎಡಕ್ಕೆ ಮಗ್ಗುಲಾಗಿ ಎಂದರು, ಆದೆ. ಉಸಿರು ಹಿಡಿಯಿರಿ ಎಂದರು, ಹಿಡಿದೆ, ಬಿಡಲು ಹೇಳುವುದನ್ನು ಮರೆತರು.

“ಉಪವಾಸ ಇದ್ದೀರಲ್ವಾ?”

“ಸಂಪೂರ್ಣ” ಎಂದೆ, ಇದ್ದ ಉಸಿರಿನಲ್ಲಿ.

“ಉಪವಾಸ ಇದ್ದವರಿಗೆ ಪಿತ್ತಕೋಶ ಉಬ್ಬಿರ್ತದೆ. ನಿಮ್ಮದು ಪೂರ ಮುದುಡಿದೆ. ಒಳಗೆ ಎಂತ ಉಂಟು ಅಂತ ಕಾಣುದೇ ಇಲ್ಲ.” ಅವರ ಮುಖದ ನಗು ಹೋಗಿತ್ತು. “ಮೂತ್ರಕ್ಕೆ ಹೋಗಿ ಬಂದು ಹೊರಗೆ ಕೂತ್ಕೊಳ್ಳಿ. ಇನ್ನೊಮ್ಮೆ ನೋಡುವ. ಹೀಗೆಯೇ ಇದ್ರೆ ಮಂಗಳೂರಿಗೆ ಹೋಗಿ ಬೇರೆ ಪರೀಕ್ಷೆ ಮಾಡಿಸ್ಬೇಕಾದೀತು.”

ಅಷ್ಟು ಹೊತ್ತು ಹಂಬಲಿಸಿದ್ದ ಶೌಚಾಲಯವೂ ಆಗ ಸುಖ ಕೊಡಲಿಲ್ಲ. ಬೆಂಚಿಗೆ ಬಂದು ಕೂತೆ. ಹಾಸ್ಯಪ್ರಜ್ಞೆಯೆಂಬುದು ನಮ್ಮೂರ ಕರೆಂಟಿನ ಹಾಗೆ, ನಿಜವಾಗಿ ಕತ್ತಲಾದಾಗ ಇರುವುದಿಲ್ಲ. ಮುದುಡಿದೆ ಎಂಬ ಪದವೊಂದೇ ತಲೆಯಲ್ಲಿ ಸುತ್ತುತ್ತಿತ್ತು. “ಎಂತ ಹೇಳಿದ್ರು?” ಎಂದು ಜಯಂತಿ ಕೇಳಿದಳು. ಹೇಳಿದೆ. ಅವಳು ಮಡಿಲಲ್ಲಿದ್ದ ನೀರಿನ ಬಾಟಲಿಯನ್ನು ಆಚೆಗಿಟ್ಟು, ಬೆಂಚಿನ ಮೇಲೆ ನನ್ನ ಕೈಯ ಪಕ್ಕದಲ್ಲಿ ತನ್ನ ಕೈ ಇಟ್ಟಳು. ನಾಲ್ವತ್ತು ವರ್ಷಗಳ ದಾಂಪತ್ಯದಲ್ಲಿ ನಾಲ್ಕು ಜನರೆದುರು ನಾವು ಅಷ್ಟು ಹತ್ತಿರ ಕೈಯಿಟ್ಟದ್ದಿಲ್ಲ.

ಅರ್ಧ ಗಂಟೆಯ ಬಳಿಕ ಕರೆದರು, ಅವಳನ್ನೂ ಕರೆದರು. ಮತ್ತೆ ಲೋಳೆ, ಮತ್ತೆ ಉಸಿರು, ಮತ್ತದೇ ಮುದುಡು. ಡಾಕ್ಟರು ಜಯಂತಿಯ ಕಡೆ ತಿರುಗಿದರು.

“ಅಮ್ಮಾ, ನಿನ್ನೆ ರಾತ್ರಿಯ ನಂತ್ರ ಇವರು ಎಂತಾದ್ರೂ ತಿಂದಿದ್ದಾರಾ?”

“ಎಂತದ್ದೂ ಇಲ್ಲ ಡಾಕ್ಟ್ರೇ” ಎಂದಳು ಜಯಂತಿ, ನನ್ನ ಶೀಲಕ್ಕೇ ಸಾಕ್ಷಿ ಹೇಳುವವಳಂತೆ. “ಅನ್ನದ ಅಗುಳು ಮುಟ್ಟಿಸ್ಲಿಲ್ಲ ನಾನು. ಉಪವಾಸಕ್ಕೆ ಎಂತ ಉಂಟೋ ಅಷ್ಟೇ. ಒಂದು ತಟ್ಟೆ ಸಜ್ಜಿಗೆ ಅವಲಕ್ಕಿ, ಎರಡು ಬಾಳೆಹಣ್ಣು, ಮತ್ತೆ ಕಾಪಿ. ಕಾಪಿಗೆ ಹಾಲು ಸ್ವಲ್ಪ ಜಾಸ್ತಿ ಹಾಕಿದೆ, ಖಾಲಿ ಹೊಟ್ಟೆ ಅಲ್ವಾ ಅಂತ.”

 ಡಾಕ್ಟರು ಉಪಕರಣವನ್ನು ಕೆಳಗಿಟ್ಟು, ಮುಖಕ್ಕೆ ತೋಳು ಅಡ್ಡ ಹಿಡಿದು ನಕ್ಕರು. ಬಾಗಿಲಲ್ಲಿದ್ದ ಸಿಸ್ಟರ್ ಯಾವ ಮರೆಯೂ ಇಲ್ಲದೆ ನಕ್ಕರು.

“ನಾಳೆ ಬನ್ನಿ ಮಾಷ್ಟ್ರೇ. ಪಿತ್ತಕೋಶ ಏಕಾದಶಿ ನೋಡುದಿಲ್ಲ” ಎಂದರು ಡಾಕ್ಟರು.

ವಿಷಯವಿಷ್ಟೆ: ಉಣ್ಣದೆ ಇರುವಾಗ ಪಿತ್ತಕೋಶವು ಪಿತ್ತವನ್ನು ತುಂಬಿಕೊಂಡು, ಉಪ್ಪಿನಕಾಯಿಗೆ ಹಾಕುವ ಬೆರಳುದ್ದದ ಬಿಂಬುಳಿಕಾಯಿಯಷ್ಟು ಉಬ್ಬಿ ನಿಲ್ಲುತ್ತದೆ, ಏನಾದರೂ ಕೊಬ್ಬಿನಂಶ ಒಳಗೆ ಹೋದರೆ ಪಿತ್ತವನ್ನು ಚೆಲ್ಲಿ ಮುದುಡುತ್ತದೆ. ಮುದುಡಿದ ಚೀಲದಲ್ಲಿ ಕಲ್ಲಿದೆಯೋ ಇಲ್ಲವೋ ಹೇಗೆ ಕಂಡೀತು? ಉಪವಾಸವಿದ್ದೂ ಮುದುಡಿದೆಯೆಂದರೆ ರೋಗವಿರಬಹುದೆಂದು ಅವರು ಶಂಕಿಸಿದ್ದರು. ನನ್ನ ಸುಳ್ಳಲ್ಲದ ಸುಳ್ಳೇ ಆ ಶಂಕೆಯನ್ನು ಹುಟ್ಟಿಸಿತ್ತು. ಆದ್ದರಿಂದ ಹೊಟ್ಟೆಯ ಸ್ಕ್ಯಾನಿಗೆ ಹೊರಟವರಲ್ಲಿ ನನ್ನ ವಿನಂತಿ: ಎಷ್ಟು ಗಂಟೆಯಿಂದ ತಿನ್ನಬಾರದು, ಬರೀ ನೀರಲ್ಲದೆ ಬೇರೇನಾದರೂ ಕುಡಿಯಬಹುದೇ ಎಂದು ನಾಚಿಕೆ ಬಿಟ್ಟು ಕೇಳಿ. ಸಕ್ಕರೆ ಕಾಯಿಲೆಯವರು ಮಾತ್ರೆಯ ವಿಷಯ ಮೊದಲೇ ವಿಚಾರಿಸಿ, ಬೆಳಗಿನ ಮೊದಲ ಸರದಿಯನ್ನೇ ಹಿಡಿಯಲಿ. ಹಳೆಯ ವರದಿಗಳಿದ್ದರೆ ಒಯ್ಯಿರಿ. ಪಂಚೆಯಷ್ಟು ಸೌಕರ್ಯದ ಉಡುಪು ಇದಕ್ಕೆ ಬೇರಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತಿಂದಿದ್ದರೆ ತಿಂದೆನೆಂದು ಹೇಳಿ. ಅವರು ಬೈಯುವುದಿಲ್ಲ, ನಾಳೆ ಬನ್ನಿ ಎನ್ನುತ್ತಾರೆ.

ಮರುದಿನದ ಬೆಳಗನ್ನು ನಾನು ಮರೆಯಲಾರೆ. ಜೀವಮಾನದಲ್ಲಿ ಮೊದಲ ಬಾರಿ ಉಪವಾಸವಿದ್ದೆ. ಹಸಿದ ಹೊಟ್ಟೆಯಲ್ಲಿ ಬರೀ ನೀರು ಗುಡುಗುಡು ಎನ್ನುತ್ತಿತ್ತು. ಜಯಂತಿಯೂ ಏನೂ ತಿನ್ನಲಿಲ್ಲ. ಕೇಳಿದರೆ ಹಸಿವಿಲ್ಲ ಎಂದಳು. ಅಷ್ಟು ವರ್ಷ ನಾನು ಆಚರಿಸಿದ ಏಕಾದಶಿಗಳು ಒಂದೊಂದಾಗಿ ನೆನಪಾದವು. ಊರಿನವರು ನಂಬಿದ್ದರು, ನಾನು ನಂಬಿದ್ದೆ, ದೇವರು ಸಂಕೋಚದಿಂದ ಸುಮ್ಮನಿದ್ದ. ಒಂದು ಬಿಂಬುಳಿಯಷ್ಟು ಗಾತ್ರದ ಅಂಗ ಮಾತ್ರ ಮೋಸಹೋಗದೆ ಒಳಗೇ ಲೆಕ್ಕ ತಪ್ಪದೆ ಮುದುಡುತ್ತಾ ಬಂದಿತ್ತು.

ಡಾಕ್ಟರು ಈ ಸಲ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ನನ್ನ ಅಂತರಂಗ, ಆಂಟೆನಾ ತಿರುಗಿಹೋದ ಹಳೆಯ ಟಿ.ವಿ.ಯಂತೆ ಬೂದುಬಣ್ಣದಲ್ಲಿ ಅಲುಗುತ್ತಿತ್ತು. ಅದರ ನಡುವೆ ಕಪ್ಪಗೆ, ದುಂಡಗೆ, ಒಂದು ಬಿಂಬುಳಿ. ಒಳಗೆಲ್ಲ ಬೆಳಕಿರಬೇಕೆಂದು ಹಿರಿಯರು ಹೇಳಿದ್ದರೂ ಈ ಶಾಸ್ತ್ರದಲ್ಲಿ ಆ ಜಾಗ ಪೂರ್ತಿ ಕಪ್ಪಗಿದ್ದರೇ ಕ್ಷೇಮವಂತೆ. ಜಯಂತಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿ, “ಚಂದ ಉಂಟಲ್ಲ” ಎಂದಳು.

ವರದಿ ಹತ್ತು ನಿಮಿಷದಲ್ಲಿ ಕೈಗೆ ಬಂತು. ಪಿತ್ತಕೋಶದಲ್ಲಿ ಕಲ್ಲು ಇಲ್ಲ. ಯಕೃತ್ತಿನಲ್ಲಿ ಸ್ವಲ್ಪ ಕೊಬ್ಬು ಇದೆ.