ಮೇದಪ್ಪ ಮಾವ ಸಾರನ್ನು ಹೊಗಳುವ ರೀತಿ
ಸುಳ್ಯದ ನಮ್ಮ ಮೇದಪ್ಪ ಮಾವ ಯಾರ ಮನೆಯಲ್ಲಿ ಉಂಡರೂ ಕೈ ತೊಳೆಯುವ ಮೊದಲೇ, “ಊಟ ಲಾಯ್ಕುಂಟು, ಆದರೆ ನಮ್ಮ ಲೋಲಾಕ್ಷಿಯ ಕೋಳಿ ಸಾರಿನ ರುಚಿಯೇ ಬೇರೆ ಮಾರಾಯ್ರೆ” ಎನ್ನುತ್ತಾರೆ. ಮಗಳ ಸಾರಿನ ಸುದ್ದಿ ಕೇಳದ ಬಸ್ ಕಂಡಕ್ಟರ್ ಪುತ್ತೂರಿನವರೆಗೂ ಸಿಗಲಿಕ್ಕಿಲ್ಲ. ಅವರು ಬಾಯಿ ತೆರೆದರೆ ಸಾಕು, ಅಂಗಡಿಯ ಬೋಜಪ್ಪಣ್ಣ, “ಇವತ್ತಿನ ಕೋಳಿ ಬೆಂದಿತಾ ಮಾವ?” ಎಂದು ಕೇಳುತ್ತಾರೆ. ಲೋಲಾಕ್ಷಿಯನ್ನು ಪೆರಾಬೆಗೆ ಮದುವೆ ಮಾಡಿ ಕೊಟ್ಟ ಮೇಲೆ, ಅವಳ ಅತ್ತೆಗೆ ಸೊಸೆಯ ಅಡುಗೆ ಹಿಡಿಸುವುದಿಲ್ಲವಂತೆ ಎಂಬ ಮಾತು ಬಂತು. ಮೇದಪ್ಪ ಮಾವ ಮಗಳ ಮನೆಗೆ ಹೋಗಿ ಉಣ್ಣಲು ಕುಳಿತರು. ಮೊದಲ ತುತ್ತಿನಲ್ಲೇ ಅವರಿಗೆ ತಮ್ಮ ಮನೆಯ ಸಾರಿನದೇ ರುಚಿ ಸಿಕ್ಕಿತು. ಆದರೂ ಅತ್ತೆಯ ಕಡೆ ತಿರುಗಿ, “ನೀವು ಕಲಿಸಿದ ಮೇಲೆ ಇವಳ ಸಾರಿಗೆ ರುಚಿ ಬಂತು ನೋಡಿ” ಎಂದರು. ಅಲ್ಲಿಯವರೆಗೆ ಸೊಸೆಯನ್ನು ಹೆಸರು ಹಿಡಿದೂ ಕರೆಯದಿದ್ದ ಅತ್ತೆ, “ಮಗಳೇ, ಅಪ್ಪನಿಗೆ ಇನ್ನೊಂದು ಸೌಟು ಹಾಕು” ಎಂದರು.