ಅಕ್ಕ ಕೇಳಿದ ಒಂದು ಗಂಟೆ

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಪಕ್ಕದ ಬೇಕರಿಯವನು ಈಚೆಗೆ ಹೊಸ ಬನ್ನು ಮಾಡಲು ಶುರು ಮಾಡಿದ್ದಾನೆ. ಬೆಣ್ಣೆ ಹಚ್ಚಿ, ಮೇಲೆ ಸಕ್ಕರೆ ಉದುರಿಸಿ, ಏಲಕ್ಕಿ ಪುಡಿಯನ್ನು ಕೈಬಿಚ್ಚಿ ಹಾಕುತ್ತಾನೆ. ಹೋದ ವಾರ ಬ್ಯಾಂಕಿಗೆ ಹೋಗಿ ಬರುವಾಗ ಆ ವಾಸನೆ ಬಂದು ಮೂಗಿಗೆ ಬಡಿಯಿತು. "ಬರ್ರಿ ಟೀಚರ್ರ, ಬಿಸಿ ಅದಾವ, ಎಷ್ಟು ಕಟ್ಟಲಿ?" ಎಂದು ಬೇಕರಿಯವನು ಕರೆದ. ಒಂದೂ ಬೇಡ ಎಂದು ಸರಸರ ಮನೆಗೆ ಬಂದುಬಿಟ್ಟೆ.

ಏಲಕ್ಕಿ ಎಂದರೆ ಎಲ್ಲರಿಗೂ ಹೋಳಿಗೆ, ಪಾಯಸ, ಮದುವೆಮನೆ ನೆನಪಾಗುತ್ತವೆ. ನನಗೆ ನೆನಪಾಗುವುದು ಸ್ವೀಡನ್ ದೇಶದ ಸ್ಟಾಕ್‌ಹೋಮ್. ಹೇಳಿದರೆ ಟೀಚರಿಗೆ ಭಾರೀ ಜಂಬ ಎಂದು ಜನ ನಗುತ್ತಾರೆ, ಅದಕ್ಕೇ ಹೇಳುವುದಿಲ್ಲ. ಆ ಊರಿನಲ್ಲಿ ನಾನು ಮಾಡಿದ ಕೆಲಸ ಗೊತ್ತಾದರೆ ನಗುವುದೂ ಇಲ್ಲ.

ಎದುರುಮನೆಯ ಅಕ್ಕ ನನಗಿಂತ ಐದಾರು ವರ್ಷ ದೊಡ್ಡವಳು. ಹಂಪಸಾಗರದ ಶಾಲೆಯಿಂದ ನನಗೆ ಕೊಟ್ಟೂರಿಗೆ ವರ್ಗವಾಗಿ, ಒಂಟಿ ಹೆಂಗಸು ಎಂದು ಯಾರೂ ಮನೆ ಕೊಡದೆ ಅಲೆದು, ಕಡೆಗೊಮ್ಮೆ ಈ ಓಣಿಗೆ ಬಂದು ಸಾಮಾನು ಇಳಿಸಿದ ದಿನ, ಬಟ್ಟಲಲ್ಲಿ ಬದನೆಕಾಯಿ ಪಲ್ಯ ಮುಚ್ಚಿಕೊಂಡು ಓಣಿ ದಾಟಿ ಬಂದವಳು ಆಕೆ. ಅವಳು ಒಬ್ಬಳೇ ದಾಟುತ್ತಿದ್ದ ದಾರಿ ಅದೊಂದೇ ಎಂದು ನನಗೆ ತಿಳಿಯಲು ಬಹಳ ದಿನ ಬೇಕಾಯಿತು. ಹನ್ನೆರಡು ಹೆಜ್ಜೆ ಇದ್ದೀತು, ಅಷ್ಟೇ.

ಅವಳ ಗಂಡ ಶೇಂಗಾ ದಲಾಲಿ ಅಂಗಡಿಯ ಸಾಹುಕಾರರು. ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಂಡತಿಗೆ ಒಂದು ದಿನ ಗದರಿದವರಲ್ಲ, ಸೀರೆ ಬೇಕೆಂದರೆ ಅಂಗಡಿಯನ್ನೇ ಮನೆಗೆ ತರಿಸುವವರು. ಆದರೆ ಅತಿಯಾದರೆ ಅಮೃತವೂ ವಿಷ. ಸೋಮವಾರ ಗುಡಿಗೆ ಹೊರಟರೆ ಅಂಗಡಿಯ ಗುಮಾಸ್ತ ಹಿಂದೆ ಬರಬೇಕು. ತವರೂರು ಇಟ್ಟಿಗಿಗೆ ಹೋಗಬೇಕೆಂದರೆ ತಾವೇ ಕಾರು ತೆಗೆಯುವರು, ಅವಳು ತಂಗಿಯ ಜೊತೆ ಮಾತಾಡಿ ಮುಗಿಸುವ ತನಕ ಪಡಸಾಲೆಯಲ್ಲಿ ಪೇಪರು ಓದುತ್ತ ಕುಳಿತು, ಹೊತ್ತು ಮುಳುಗುವುದರೊಳಗೆ ಕರೆದುಕೊಂಡು ಬರುವರು. ಅಕ್ಕ ಇದನ್ನೆಲ್ಲ ನಗುನಗುತ್ತಲೇ ಹೇಳುತ್ತಿದ್ದಳು. "ನಾ ಸತ್ತರ ಕುಣ್ಯಾಗೂ ಇವರ ಮೊದಲು ಇಳಿದು ನೋಡ್ತಾರ ಟೀಚರ, ಒಳಗ ಥಂಡಿ ಐತೇನಂತ" ಎನ್ನುತ್ತಿದ್ದಳು. ನಾನೂ ನಗುತ್ತಿದ್ದೆ. ನಗಬಾರದಿತ್ತೋ ಏನೋ...

ನಾನು ರಿಟೈರಾದ ವರ್ಷ ಸಾಹುಕಾರರಿಗೆ ಪರದೇಶ ನೋಡುವ ಹುಕಿ ಬಂತು. ಜೊತೆಯ ವ್ಯಾಪಾರಸ್ಥರೆಲ್ಲ ಪ್ಯಾರಿಸ್ಸು, ಸ್ವಿಟ್ಜರ್ಲೆಂಡು ಮುಗಿಸಿದ್ದರು. ಕೊಟ್ಟೂರಿನವರು ಯಾರೂ ಕಾಲಿಡದ ಜಾಗ ಬೇಕೆಂದು ಹುಡುಕಿ, ದಾವಣಗೆರೆಯ ಟೂರಿನವನೊಬ್ಬನಿಂದ ಈ ಉತ್ತರದ ದೇಶಗಳ ಪಟ್ಟಿ ತಂದರು. ಆಮೇಲೆ ನಮ್ಮ ಮನೆಗೆ ಬಂದು, "ಟೀಚರ್ರ, ನೀವೂ ಬರ್ರಿ. ನಿಮಗ ಇಂಗ್ಲೀಷ್ ಬರತೈತಿ. ನೀವಿದ್ರ ಈಕಿ ಮ್ಯಾಲೆ ಒಂದು ಕಣ್ಣು ಇರತೈತಿ" ಎಂದರು. ನನಗೂ ಆಸೆ ಇತ್ತು, ಒಪ್ಪಿದೆ. ಕಣ್ಣಾಗಿ ಹೋಗುತ್ತಿದ್ದೇನೆ ಎಂಬುದರ ಕಡೆಗೆ ಗಮನ ಕೊಡಲಿಲ್ಲ.

ಮೂವತ್ತು ಜನ, ಮೂವತ್ತು ಕಿತ್ತಳೆ ಬಣ್ಣದ ಟೋಪಿ, ಅನ್ನ ಸಾರು ಮಾಡಲು ಒಬ್ಬ ಅಡಿಗೆಯವನು, ಮುಂದೆ ಬಾವುಟ ಹಿಡಿದ ಮ್ಯಾನೇಜರು. ಚೌಕವಿರಲಿ, ಚರ್ಚಿರಲಿ, ಬಸ್ಸು ನಿಂತ ಕೂಡಲೆ "ಇಪ್ಪತ್ತೇ ನಿಮಿಷ, ಫೋಟೋ ತಕ್ಕೊಂಡು ಬಂದ್ಬಿಡ್ರಿ" ಎಂದು ಅವನು ಕೂಗುತ್ತಿದ್ದ. ಬಸ್ಸಿನ ಕಿಟಕಿಗಳು ತೆಗೆಯಲು ಬರುವಂಥವಲ್ಲ. ಅಕ್ಕ ಕಿಟಕಿ ಪಕ್ಕ, ಈಚೆಗೆ ಸಾಹುಕಾರರು. ಅವಳು ಏಳಬೇಕೆಂದರೂ ಅವರು ಮೊದಲು ಎದ್ದು ದಾರಿ ಬಿಡಬೇಕು. ಅವಳ ಪಾಸ್‌ಪೋರ್ಟು, ದುಡ್ಡು, ಗುಳಿಗೆ, ಕಡೆಗೆ ಅವಳ ಕರವಸ್ತ್ರ ಕೂಡ ಅವರ ಸೊಂಟದ ಚೀಲದಲ್ಲಿ. ಹೋಟೆಲಿನ ರೂಮಿನ ಬಾಗಿಲು ತೆಗೆಯುವ ಕಾರ್ಡೂ ಅಲ್ಲೇ. "ಕಣ್ಣಾಡಿಸೋದು ಐತಿ, ಕಾಲಾಡಿಸೋದಿಲ್ಲ" ಎಂದು ಅಕ್ಕ ಹಿಂದಿನ ಸೀಟಿಗೆ ತಿರುಗಿ ನನಗೆ ಮಾತ್ರ ಕೇಳುವಂತೆ ಅಂದಳು. ಆಗ ಅವಳು ನಗುತ್ತಿರಲಿಲ್ಲ.

ಸ್ಟಾಕ್‌ಹೋಮಿನಲ್ಲಿ ಮೊದಲ ದಿನ ಒಂದು ಹಳೇ ಹಡಗು ತೋರಿಸಿದರು. ಮರದ ಹಡಗು, ಮೈತುಂಬ ಕೆತ್ತನೆ. ರಾಜ ಕಟ್ಟಿಸಿದ್ದಂತೆ. ಮೊದಲ ಸಲ ಹೊರಟ ದಿನವೇ ಊರಿನ ಕಣ್ಣೆದುರಿಗೆ ಮುಳುಗಿತಂತೆ. ಮುನ್ನೂರು ವರ್ಷ ಕಳೆದ ಮೇಲೆ ಮೇಲೆತ್ತಿ, ಸುತ್ತ ದೊಡ್ಡ ಕಟ್ಟಡ ಕಟ್ಟಿ, ಮಬ್ಬು ದೀಪದಲ್ಲಿ ಇಟ್ಟಿದ್ದಾರೆ. ಎಲ್ಲರೂ ಫೋಟೋ ತೆಗೆದು ಹೊರಬಿದ್ದರೂ ಅಕ್ಕ ಕಟಕಟೆ ಹಿಡಿದು ನಿಂತೇ ಇದ್ದಳು. "ಇಷ್ಟು ಸಿಂಗಾರ ಮಾಡಿ ಇಳಿಸ್ಯಾರ, ಒಂದು ಮೈಲಿನೂ ಹೋಗಲಿಲ್ಲಲ್ಲ ಟೀಚರ" ಅಂದಳು. ಸಾಹುಕಾರರು ಬಂದು, ನಿಂತು ನಿಂತು ಕಾಲು ನೋಯುತ್ತದೆ ಎಂದು ಕರೆದುಕೊಂಡು ಹೋದರು.

ಮರುದಿನ ಅರಮನೆ. ನೆಲಮಾಳಿಗೆಯಲ್ಲಿ ರಾಜರ ಕಿರೀಟ ಇಟ್ಟಿದ್ದಾರೆ, ಮೆಟ್ಟಿಲು ಬಹಳ ಎಂದು ಮ್ಯಾನೇಜರು ಹೇಳಿದ. ಆ ಊರಿನ ಚಳಿಗೆ, ಬಸ್ಸಿನಲ್ಲಿ ಕೂತೇ ಇದ್ದುದಕ್ಕೆ ಅಕ್ಕನ ಕಾಲು ಊದಿದ್ದವು. ಸಾಹುಕಾರರು ನಮ್ಮಿಬ್ಬರನ್ನೂ ಅರಮನೆಯ ಕೆಳಗಡೆ, ನೀರಿನ ದಂಡೆಯ ಬೆಂಚಿನ ಮೇಲೆ ಕೂಡಿಸಿ, "ನಾ ಬರೋ ತನಕ ಇಲ್ಲಿಂದ ಏಳಬ್ಯಾಡ್ರಿ" ಎಂದು ಎರಡು ಸಲ ಹೇಳಿ, ಗುಂಪಿನ ಜೊತೆ ಹೋದರು. ಒಂದೂವರೆ ಗಂಟೆಯ ಸಮಯ.

ಅವರು ಮರೆಯಾದದ್ದೇ ತಡ, ಅಕ್ಕ ಬಗ್ಗಿ ಬೂಟು ಕಳಚಿದಳು. ಉಣ್ಣೆಯ ಕಾಲುಚೀಲ ತೆಗೆದಳು. ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿದ್ದವು. ಹಲ್ಲು ಕಚ್ಚಿ ಅವನ್ನು ಅಗಲಿಸಿ ಬಿಚ್ಚಿದಳು, ನನ್ನ ಅಂಗೈಯಲ್ಲಿ ಇಟ್ಟಳು, ಮತ್ತೆ ಬೂಟು ಹಾಕಿಕೊಂಡಳು.

"ಹಿಡಕೊ. ನನಗ ಚೀಲಿಲ್ಲ, ಕಿಸೆ ಇಲ್ಲ, ಕಳದುಹೊಕ್ಕಾವು. ನಿನ್ನ ಹತ್ರ ಇಲ್ಲಿ ನೋಟು ಇದ್ರ ಒಂದು ಕೊಡು. ಒಂದು ಗಂಟಿ ಅಡ್ಡಾಡಿ ಬರ್ತೀನಿ."

ನೋಟು ತೆಗೆದುಕೊಟ್ಟು, ನಾನೂ ಬರುತ್ತೇನೆಂದು ಎದ್ದೆ. ಅವಳು ನನ್ನ ಭುಜ ಒತ್ತಿ ಕೂಡಿಸಿದಳು.

"ನೀ ಬಂದ್ರ ಮತ್ತ ಜೋಡಿನ ಆತಲ್ಲ. ಅರವತ್ತೈದು ವರ್ಷ ಆತು, ಒಬ್ಬಾಕಿ ಒಂದು ಓಣಿ ತಿರುಗಿಲ್ಲ ನಾನು. ಇಲ್ಲಿ ನಾ ಯಾರ ಹೇಣ್ತಿ ಅಂತ ಯಾರಿಗೂ ಗೊತ್ತಿಲ್ಲ. ಒಂದ ಗಂಟಿ. ಯಾರ ಮುಂದೂ ಹೇಳಬ್ಯಾಡ, ನಿನ್ನ ಕಾಲು ಬೀಳ್ತೀನಿ."

ಕೈಗಡಿಯಾರ ನೋಡಿಕೊಂಡು ಹೊರಟಳು. ರಸ್ತೆ ದಾಟಿ, ಹಳೇ ಕಟ್ಟಡಗಳ ನಡುವಿನ ಓಣಿಗೆ ತಿರುಗುವ ತನಕ ಕಿತ್ತಳೆ ಟೋಪಿ ಕಾಣುತ್ತಿತ್ತು. ಒಮ್ಮೆಯೂ ಹಿಂದಕ್ಕೆ ತಿರುಗಿ ನೋಡಲಿಲ್ಲ.

ಮೊದಲ ಹದಿನೈದು ನಿಮಿಷ ನನಗೂ ಖುಷಿಯಾಗಿತ್ತು. ಶಾಲೆ ತಪ್ಪಿಸಿದ ಹುಡುಗಿಯರ ಗುಟ್ಟು ಕಾಯುವಂತೆ ಕುಳಿತಿದ್ದೆ. ಆಮೇಲೆ ಮುಷ್ಟಿ ಬಿಚ್ಚಿ ಆ ಬೆಳ್ಳಿಯನ್ನು ನೋಡಿದೆ. ನಮ್ಮಲ್ಲಿ ಗಂಡ ಬದುಕಿರುವಾಗ ಯಾವ ಹೆಂಗಸೂ ಕಾಲುಂಗುರ ಬಿಚ್ಚುವುದಿಲ್ಲ, ಕಾಲು ಊದಲಿ, ಬೆರಳು ಕೊಳೆಯಲಿ. ನಾನು ಹಂಪಸಾಗರದಲ್ಲಿದ್ದಾಗ, ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ ಹಿನ್ನೀರಿನ ದಂಡೆಯ ಕಲ್ಲಿನ ಮೇಲೆ ಕಾಲುಂಗುರ ಬಿಚ್ಚಿಟ್ಟು ಹೋಗಿದ್ದಳು. ಮಗಳಿಗಾದರೂ ಇರಲಿ ಎಂದು. ಮೂರನೆಯ ದಿನ ಆಕೆ ಸಿಕ್ಕಾಗ ದಂಡೆಯಲ್ಲಿ ನಾನೂ ನಿಂತಿದ್ದೆ...

ಎದುರಿಗೆ ನೀರು. ಎಡಕ್ಕೆ ನೀರು, ಬಲಕ್ಕೆ ನೀರು. ಆ ಊರೇ ನೀರಿನ ಮೇಲಿದೆ. ಹಿಂದಿನ ದಿನ ಹಡಗಿನ ಮುಂದೆ ಅವಳು ಆಡಿದ ಮಾತು, ಕುಣಿಯ ತಮಾಷೆ, ತಿರುಗಿ ನೋಡದೆ ಹೋದದ್ದು, ಎಲ್ಲವೂ ಸೇರಿ ಒಂದೇ ಅರ್ಥ ಹೇಳತೊಡಗಿದವು. ಸಾಯಲು ಹೊರಟವಳು ನೋಟು ಯಾಕೆ ಕೇಳುತ್ತಾಳೆ ಎಂಬಷ್ಟು ಬುದ್ಧಿ, ಮೂವತ್ತೈದು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದ ನನಗೆ ಹೊಳೆಯಲಿಲ್ಲ. ಎದ್ದು ಓಡಿದೆ. ಅರಮನೆಯ ಬಾಗಿಲಲ್ಲಿ ಸಾಹುಕಾರರು ಸಿಕ್ಕರು, ಮೆಟ್ಟಿಲು ಆಗದೆ ಅರ್ಧಕ್ಕೇ ಮರಳಿದ್ದರು. ಅಂಗೈ ಬಿಚ್ಚಿ ತೋರಿಸಿದೆ. "ಅಕ್ಕ ಇಲ್ಲ, ನೀರಿನ ಕಡೆ..." ಎಂದಷ್ಟೇ ಬಾಯಿಗೆ ಬಂತು. ನೀರಿನ ಕಡೆ ಅವಳು ಹೋಗಿರಲೇ ಇಲ್ಲ. ಅವರು ಬಾಗಿಲಲ್ಲೇ ನಿಂತು ಮ್ಯಾನೇಜರನ್ನು ಕೂಗಿದರು.

ಮ್ಯಾನೇಜರು ಓಡಾಡಿದ, ಪೊಲೀಸರು ಇಬ್ಬರು ಬಂದರು. ಐಸ್‌ಕ್ರೀಮ್ ಮಾರುವ ಮುದುಕಿಯೊಬ್ಬಳು ಕಿತ್ತಳೆ ಟೋಪಿ ನೋಡಿದ್ದೇನೆಂದು ಕೈ ತೋರಿಸಿದಳು. ಬಲು ಇಕ್ಕಟ್ಟಿನ ಓಣಿ, ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ, ಉದ್ದಕ್ಕೂ ಮೆಟ್ಟಿಲು. ಮೇಲಿನ ಮೆಟ್ಟಿಲ ಮೇಲೆ ಅಕ್ಕ ಕುಳಿತಿದ್ದಳು. ಬೂಟು ಪಕ್ಕಕ್ಕೆ ಬಿಟ್ಟು, ಬೆರಳು ಅಗಲಿಸಿ, ಕಾಲು ಬಿಸಿಲಿಗೆ ಚಾಚಿದ್ದಳು. ಕೈಯಲ್ಲಿ ಬನ್ನು, ಎರಡು ಕಡಿತ ತಿಂದಿದ್ದಳು. ಓಣಿಯೆಲ್ಲ ಏಲಕ್ಕಿ ವಾಸನೆ. ಅಷ್ಟು ಹಗುರಾಗಿದ್ದ ಅವಳ ಮುಖವನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಪೊಲೀಸರನ್ನು ಕಂಡಳು, ಗಂಡನನ್ನು ಕಂಡಳು, ಕಡೆಗೆ ನನ್ನನ್ನು. ಕೈಗಡಿಯಾರ ನೋಡಿಕೊಂಡಳು.

"ಇನ್ನೂ ಇಪ್ಪತ್ತೈದು ನಿಮಿಷ ಇತ್ತಲ್ಲ ಟೀಚರ."

ಅಷ್ಟೇ ಅಂದಳು, ಸಿಟ್ಟಿಲ್ಲದೆ. ಸಿಟ್ಟು ಮಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಸಾಹುಕಾರರು ಬೈಯಲಿಲ್ಲ. ಅವಳ ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಅತ್ತರು. "ತತ್ತಿ ಹಾಕಿರ್ತಾರ ಅದರಾಗ" ಎಂದು ಬನ್ನನ್ನು ಅವಳ ಕೈಯಿಂದ ಬಿಡಿಸಿ ಪೊಲೀಸನ ಕೈಗೆ ಕೊಟ್ಟರು. ನನ್ನ ಹತ್ತಿರ ಕಾಲುಂಗುರ ಇಸಿದುಕೊಂಡು, ಅವಳ ಊದಿದ ಕಾಲನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ತಾವೇ ತೊಡಿಸಿದರು. ಅಲ್ಲಿಯ ಪ್ರವಾಸಿಗಳು ನಿಂತು ಫೋಟೋ ತೆಗೆದರು, ಯಾರೋ ಚಪ್ಪಾಳೆ ಕೂಡ ತಟ್ಟಿದರು. ಅಕ್ಕ ಗೋಡೆಯ ಕಡೆ ಮುಖ ಮಾಡಿದ್ದಳು.

ಉಳಿದ ಆರು ದಿನ ಅವರು ಅವಳ ಮಣಿಕಟ್ಟು ಬಿಡಲಿಲ್ಲ. ಹಡಗಿನಲ್ಲಿ, ಬಸ್ಸಿನಲ್ಲಿ, ಊಟದ ಸಾಲಿನಲ್ಲಿ. "ಈ ವಯಸ್ಸಿನಾಗೂ ಎಷ್ಟು ಪ್ರೀತಿ ನೋಡ್ರಿ" ಎಂದು ಗುಂಪಿನ ಹೆಂಗಸರು ಹೊಟ್ಟೆಕಿಚ್ಚು ಪಟ್ಟರು. ಕೊಟ್ಟೂರಿಗೆ ಬಂದ ಮೇಲೂ ಅದೇ ಆಯಿತು. ಸಾಹುಕಾರರು ಅಂಗಡಿಗೆ ಹೋಗುವುದನ್ನೇ ಕಡಿಮೆ ಮಾಡಿದರು. ಬಾವಿಯ ಮುಚ್ಚಳಕ್ಕೆ ಬೀಗ ಬಿತ್ತು, ಮಾಳಿಗೆಯ ಬಾಗಿಲಿಗೂ ಬಿತ್ತು. ನಮ್ಮ ಮನೆಗೆ ಪಲ್ಯ ಕೊಡಲು ಬಂದರೆ ಅವರು ತಮ್ಮ ಹೊಸ್ತಿಲಲ್ಲಿ ನಿಂತಿರುತ್ತಿದ್ದರು. ಹನ್ನೆರಡು ಹೆಜ್ಜೆಯೂ ಅವಳದಾಗಿ ಉಳಿಯಲಿಲ್ಲ. ಅಕ್ಕ ನನ್ನ ಜೊತೆ ಮಾತು ಬಿಡಲಿಲ್ಲ. ಉಪ್ಪಿನಕಾಯಿ, ಬಿಸಿಲು, ಮೊಣಕಾಲು ನೋವು, ಎಲ್ಲ ಮಾತಾಡುತ್ತಿದ್ದಳು. ತಮಾಷೆ ಮಾತ್ರ ನಿಂತುಹೋಯಿತು. ಕ್ಷಮಿಸು ಎನ್ನಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ಹೊಸ್ತಿಲಲ್ಲಿ ಅವರು ನಿಂತಿರುತ್ತಿದ್ದರು, ಸುಮ್ಮನಾಗುತ್ತಿದ್ದೆ... ಹೋದ ವರ್ಷ ಶಿವರಾತ್ರಿಗೆ ಮೊದಲು, ಎರಡು ದಿನದ ಜ್ವರಕ್ಕೆ ಅಕ್ಕ ಹೋಗಿಬಿಟ್ಟಳು.

ಬೇಕರಿಯ ವಾಸನೆ ಹೊತ್ತುಕೊಂಡು ಮನೆಗೆ ಬಂದ ಆ ಸಂಜೆ ಸಾಹುಕಾರರು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. ಈಗೀಗ ಹಾಗೆ ಬಂದು ಕೂಡುತ್ತಾರೆ. ಕಟ್ಟೆಯ ಧೂಳನ್ನು ಕೈಯಿಂದ ಒರೆಸುತ್ತ ಕೇಳಿದರು.

"ಟೀಚರ್ರ, ಒಂದು ಕೇಳ್ತೀನಿ, ಸುಳ್ಳು ಹೇಳಬ್ಯಾಡ್ರಿ. ಆವತ್ತು ಕಾಲುಂಗುರ ಬಿಚ್ಚಿಕೊಟ್ಟು ಹೋದ್ಲಲ್ಲ, ಸಾಯಾಕ ಹೊಂಟಿದ್ಲೇನ್ರಿ? ನಾ ಏನು ಕಡಿಮಿ ಮಾಡಿದ್ದೆ ಆಕಿಗೆ? ಕೇಳಾಕ ಹೆದರಿಕಿ ಆಗಿ ಆಕಿನ್ನ ಒಂದು ದಿನ ಕೇಳಲಿಲ್ಲ. ಮತ್ತ ಹಂಗ ಮಾಡಿಗೀಡ್ಯಾಳು ಅಂತ ರಾತ್ರಿ ನಿದ್ದಿ ಮಾಡಿಲ್ಲ ನಾನು, ಇಷ್ಟು ವರ್ಷ."

ಬೀಗಗಳು, ಹೊಸ್ತಿಲು, ಮಣಿಕಟ್ಟು... ಅವಕ್ಕೆಲ್ಲ ಕೀಲಿ ತಿರುಗಿಸಿದ್ದು ನಾನು ಎಂದು ಆಗ ತಿಳಿಯಿತು. ಇಲ್ಲರೀ, ಸಾಯಲು ಅಲ್ಲ, ಕಾಲು ಊದಿತ್ತು, ಉಂಗುರ ಕಚ್ಚುತ್ತಿದ್ದವು, ಒಂದು ಗಂಟೆ ಸುಮ್ಮನೆ ಅಡ್ಡಾಡಿ ಬರುತ್ತೇನೆಂದು ಹೋಗಿದ್ದಳು, ನಾನೇ ಹೆದರಿ ತಪ್ಪು ತಿಳಿದೆ ಎಂದು ಹೇಳಿದೆ. ಎಲ್ಲ ಹೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. ಕಣ್ಣಲ್ಲಿ ನೀರು ತುಂಬಿತು.

"ಅಡ್ಡಾಡಾಕ? ಅಷ್ಟೇನ್ರಿ? ಅಯ್ಯೋ, ಒಂದು ಮಾತು ಹೇಳಿದ್ರ ನಾನೂ ಜೋಡಿ ಹೋಗ್ತಿದ್ನಲ್ರಿ."

ಅಕ್ಕ ಇದ್ದಿದ್ದರೆ ನಗುತ್ತಿದ್ದಳು. ನನಗೆ ಆಗಲಿಲ್ಲ.