ಸೈತಾನನ ಕಡೆ ಹಗ್ಗ ಹಿಡಿದವಳು

ನಮ್ಮ ಕಥೊಲಿಕ ವಿದ್ಯಾರ್ಥಿ ಸಂಘದಲ್ಲಿ ಅವಳನ್ನು ಎಲ್ಲರೂ ಗಂಟೆ ಎಂದೇ ಕರೆಯುತ್ತಿದ್ದರು. ನರ್ಸಿಂಗ್ ಎರಡನೇ ವರ್ಷದ ಹುಡುಗಿ. ಅವಳು ನಕ್ಕರೆ ಆ ನಗು ಸಭಾಂಗಣದ ಕಿಟಕಿ ದಾಟಿ, ಅಂಗಳ ದಾಟಿ, ಎದುರಿನ ಚರ್ಚಿನಲ್ಲಿ ಜಪಸರ ಹಿಡಿದು ಕೂತ ಮುದುಕಿಯರವರೆಗೂ ಹೋಗುತ್ತಿತ್ತು. ಒಬ್ಬ ಅಜ್ಜಿಯಂತೂ ಪೂಜೆ ಶುರುವಾಯಿತೆಂದು ತಿಳಿದು ಎದ್ದು ನಿಂತಿದ್ದರಂತೆ. ಹೆಸರು ಹುಟ್ಟಿದ್ದು ಹಾಗೆ.

ತಾಯಿ ಇಲ್ಲದ ಅವಳನ್ನು ಬೆಳೆಸಿದವರು ಚಿಕ್ಕಮ್ಮ. ಅವರು ಪಾದ್ರಿಗಳ ನಿಲುವಂಗಿ ಹೊಲಿಯುವ ದರ್ಜಿ. "ಹೆಣ್ಣುಮಕ್ಕಳು ಹೀಗೆ ಬಾಯಿ ಬಿಟ್ಟು ನಗಬಾರದು" ಎಂದು ದಿನವೂ ಬೈಯುತ್ತಿದ್ದರು. ಆದರೆ ಬೈಯುವಾಗಲೂ ಹಲ್ಲಿನಲ್ಲಿ ಸೂಜಿ ಕಚ್ಚಿಕೊಂಡಿರುತ್ತಿದ್ದರಿಂದ ಬುದ್ಧಿಮಾತಿನ ಅರ್ಧ ಭಾಗ ಹುಡುಗಿಯ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಪ್ರತಿ ಶನಿವಾರ ಸಂಜೆ ಐದಕ್ಕೆ ನಮ್ಮ ಕೂಟ. ಮೊದಲು ಪ್ರಾರ್ಥನೆ, ಆಮೇಲೆ ಚಹಾ ಮತ್ತು ಬನ್, ಕೊನೆಗೆ ಆಟ. ಪ್ರಾರ್ಥನೆಗೆ ಹನ್ನೆರಡು ಜನ ಇರುತ್ತಿದ್ದೆವು, ಚಹಾದ ಹೊತ್ತಿಗೆ ನಲವತ್ತು. ಉಳಿದ ಇಪ್ಪತ್ತೆಂಟು ಜನ ಎಲ್ಲಿಂದ ಉದುರುತ್ತಿದ್ದರೋ ಆ ದೇವರೇ ಬಲ್ಲ. ಆಟ ಆಡಿಸುವ ಕೆಲಸ ಗಂಟೆಯದು. ಬೇರೆ ಯಾರೂ ಒಪ್ಪದ ಕಾರಣ ಅವಳನ್ನು ವಿನೋದ ಕಾರ್ಯದರ್ಶಿ ಮಾಡಿದ್ದೆವು. ನಡಾವಳಿ ಬರೆಯುವ ಕರ್ಮ ನನ್ನ ಪಾಲಿಗೆ ಬಂದಿತ್ತು.

ನಮ್ಮ ಅಧ್ಯಕ್ಷ ಕಾನೂನು ಕಾಲೇಜಿನ ಕೊನೆಯ ವರ್ಷದವನು. ಸೆಖೆ ಇರಲಿ, ಚಳಿ ಇರಲಿ, ಕೊರಳಲ್ಲಿ ಟೈ. ಯಾರು ಏನು ಹೇಳಿದರೂ ಕಣ್ಣು ಕಿರಿದು ಮಾಡಿ "ಇದರ ಉದ್ದೇಶ ಏನು?" ಎಂದು ಕೇಳುವುದು ಅವನ ಅಭ್ಯಾಸ. ಅಂಥವನ ಕೈಗೆ ಒಂದು ದಿನ ಬಿಷಪ್ಪರ ಕಚೇರಿಯ ಪತ್ರ ಬಂತು. ಸಂಘದಲ್ಲಿ ಮೋಜು ಹೆಚ್ಚಾಗಿ ವಿಶ್ವಾಸ ಕಡಿಮೆಯಾಗಿದೆ ಎಂದು ಯಾರೋ ದೂರಿದ್ದಾರೆ, ಮುಂದಿನ ಕೂಟ ನೋಡಲು ಒಬ್ಬ ಫಾದರ್ ಬರುತ್ತಾರೆ ಎಂದು ಅದರಲ್ಲಿತ್ತು.

ಅಧ್ಯಕ್ಷ ಅಂದೇ ಸಮಿತಿ ಸಭೆ ಕರೆದ.

"ಇನ್ಮೇಲೆ ಪ್ರತಿಯೊಂದು ಆಟಕ್ಕೂ ಆಧ್ಯಾತ್ಮಿಕ ಉದ್ದೇಶ ಇರಲೇಬೇಕು."

"ಆಟಕ್ಕೆ ಆಟಾನೇ ಉದ್ದೇಶ ಅಲ್ವಾ?" ಎಂದಳು ಗಂಟೆ.

"ಅದನ್ನ ಬರೆದು ಕಳಿಸೋಕಾಗುತ್ತಾ?"

ಕಳಿಸೋಕಾಗುವುದಿಲ್ಲ ಎಂದು ಬಹುಮತದಿಂದ ತೀರ್ಮಾನವಾಯಿತು.

ಆ ಶನಿವಾರ ಪರಿಶೀಲಕರು ಬಂದರು. ತೆಳ್ಳಗಿನ ಮನುಷ್ಯ, ಕೈಯಲ್ಲಿ ಕಪ್ಪು ಡೈರಿ. ಅವರ ಪಕ್ಕದಲ್ಲಿ ನಮ್ಮ ಹಿರಿಯ ಫಾದರ್ ಕೂತರು. ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ಅವರಿಗೆ ಕಿವಿ ಮಂದ, ಮಂಡಿ ನೋವು. ಆದರೂ ಸಂಘದ ಮಾರ್ಗದರ್ಶಕರಾಗಿ ಒಂದು ಶನಿವಾರವನ್ನೂ ತಪ್ಪಿಸಿದವರಲ್ಲ. ಪರಿಶೀಲಕರು ಬರುವ ಸುದ್ದಿ ಹಬ್ಬಿದ್ದರಿಂದ ಅಂದು ಪ್ರಾರ್ಥನೆಗೇ ನಲವತ್ತು ಜನ. ಹಾಡುವಾಗ ಅರ್ಧದಷ್ಟು ಜನ ಬರೀ ತುಟಿ ಆಡಿಸಿದರು.

ಮೊದಲು ಕುರ್ಚಿ ಆಟ. ಉದ್ದೇಶ: ತ್ಯಾಗ. ಹಾಡು ನಿಂತಾಗ ಕುರ್ಚಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡಬೇಕು, ಕೂತವರು ಸೋತಂತೆ. ಹಾಡು ನಿಂತಿತು. "ನೀವು ಕೂತ್ಕೊಳ್ಳಿ." "ಅಯ್ಯೋ, ಬೇಡ, ನೀವೇ ಕೂತ್ಕೊಳ್ಳಿ." ಹದಿನೈದು ನಿಮಿಷವಾದರೂ ಹತ್ತು ಕುರ್ಚಿಗಳೂ ಖಾಲಿ. ಬಿಟ್ಟುಕೊಡುವುದರಲ್ಲಿ ಸೋಲಬಾರದೆಂದು ಹಲ್ಲು ಕಚ್ಚಿದ ಇಬ್ಬರು ಎಂಜಿನಿಯರಿಂಗ್ ಹುಡುಗರು ತೋಳು ಹಿಡಿದು ಒಬ್ಬರನ್ನೊಬ್ಬರು ಕುರ್ಚಿಗೆ ತಳ್ಳತೊಡಗಿದರು. ಕೊನೆಗೆ ಹಿರಿಯ ಫಾದರ್ ಹತ್ತಿರದಿಂದ ನೋಡಲೆಂದು ಬಂದು, ಮಂಡಿ ನೋಯುತ್ತದೆಂದು ಒಂದು ಕುರ್ಚಿಯಲ್ಲಿ ಕೂತುಬಿಟ್ಟರು. ನಿಯಮದ ಪ್ರಕಾರ ಸೋತವರು ಅವರೊಬ್ಬರೇ.

ಆಮೇಲೆ ಬಲೂನು. ತಂತಮ್ಮ ದೋಷವನ್ನು ಬಲೂನಿನ ಮೇಲೆ ಬರೆದು ಒಡೆಯಬೇಕು. ಉದ್ದೇಶ: ಪಶ್ಚಾತ್ತಾಪ. ಯಾರೂ ತಮ್ಮದನ್ನು ಒಡೆಯಲಿಲ್ಲ, ಎಲ್ಲರೂ ಕತ್ತು ಉದ್ದ ಮಾಡಿ ಪಕ್ಕದವರದನ್ನು ಓದುತ್ತಿದ್ದರು. ಅಧ್ಯಕ್ಷನ ಬಲೂನಿನ ಮೇಲೆ "ಅತಿಯಾದ ವಿನಯ" ಎಂದಿತ್ತು. ಅದನ್ನು ಓದಿ ಗಂಟೆ, ನಗು ತಡೆಯಲು ಸೆರಗಿಲ್ಲದ್ದರಿಂದ, ಕಿಟಕಿ ಪರದೆಯ ತುದಿಯನ್ನೇ ಬಾಯಿಗೆ ತುರುಕಿಕೊಂಡಳು. ಪರಿಶೀಲಕರು ಏನೋ ಬರೆದುಕೊಂಡರು.

ಕೊನೆಯದು ಹಗ್ಗಜಗ್ಗಾಟ. "ಒಂದು ಕಡೆ ದೇವರು, ಇನ್ನೊಂದು ಕಡೆ ಸೈತಾನ. ಉದ್ದೇಶ: ಅಂತಿಮ ವಿಜಯ" ಎಂದು ಅಧ್ಯಕ್ಷ ಘೋಷಿಸಿದ. ಗೆದ್ದವರಿಗೆ ಬಹುಮಾನವಾಗಿ ಒಂದು ಪೆಟ್ಟಿಗೆ ಜಪಸರಗಳನ್ನು ಮೇಜಿನ ಮೇಲೆ ಇಟ್ಟಿದ್ದರು. ಸೀಟಿ ಊದಿದ್ದೇ ತಡ, ನಾವೆಲ್ಲ ದೇವರ ಕಡೆ ಓಡಿದೆವು, ನಾನೂ ಸೇರಿದಂತೆ. ಇನ್ನೊಂದು ತುದಿಯಲ್ಲಿ ಹಗ್ಗ ನೆಲದ ಮೇಲೆ ಅನಾಥವಾಗಿ ಬಿದ್ದಿತ್ತು.

"ಯಾರಾದ್ರೂ ಆ ಕಡೆ ಹೋಗಿ" ಎಂದ ಅಧ್ಯಕ್ಷ, ತಾನು ಒಂದಂಗುಲವೂ ಅಲುಗದೆ.

ಯಾರೂ ಕದಲಲಿಲ್ಲ. ಪರಿಶೀಲಕರ ಕಣ್ಣೆದುರೇ ಸೈತಾನನ ಪಕ್ಷ ಸೇರುವವರು ಯಾರು? ಗಂಟೆ ಹೋದಳು. ಚಪ್ಪಲಿ ಬಿಟ್ಟು, ಹಗ್ಗ ಎತ್ತಿಕೊಂಡು, "ಏನ್ ಒಬ್ಳೇ ಎಳೀಬೇಕಾ? ಬನ್ರೋ!" ಎಂದಳು. ಮೂರು ತಿಂಗಳಿಂದ ಯಾರೊಂದಿಗೂ ಮಾತಾಡದಿದ್ದ ದಂತವೈದ್ಯಕೀಯ ಓದುವ ಹುಡುಗಿಯೊಬ್ಬಳು ಮೆಲ್ಲಗೆ ಅವಳ ಹಿಂದೆ ನಿಂತಳು. ಚಹಾ ಮಾಡುವ ಆಂಟಿ ಕೈ ಒರೆಸಿಕೊಳ್ಳುತ್ತ ಬಂದು ಸೇರಿಕೊಂಡರು. ಆಗ ಹಿರಿಯ ಫಾದರ್ ಎದ್ದರು.

"ಫಾದರ್, ಅದು ಸೈತಾನನ ಕಡೆ!" ಎಂದು ಅಧ್ಯಕ್ಷ ಕೂಗಿದ.

"ಗೊತ್ತಪ್ಪಾ. ನಲವತ್ತು ವರ್ಷದಿಂದ ದೇವರ ಕಡೆನೇ ಎಳ್ದು ಎಳ್ದು ತೋಳು ಬಿದ್ದೋಗಿದೆ. ಇವತ್ತೊಂದಿನ ಈ ಕಡೆ ಎಳೀತೀನಿ."

ಫಾದರೇ ಹೋದ ಮೇಲೆ ನಮ್ಮಲ್ಲಿ ಹದಿನಾರು ಜನರ ವಿಶ್ವಾಸ ಸಡಿಲವಾಯಿತು. ಸೈತಾನನ ಬಳಗ ಒಂದೇ ನಿಮಿಷದಲ್ಲಿ ಇಪ್ಪತ್ತಕ್ಕೇರಿತು. ಗಂಟೆ ಎಲ್ಲರ ಕಾಲಿನಿಂದ ಪಾದರಕ್ಷೆ ಬಿಡಿಸಿದಳು. ವಾರ್ಡಿನಲ್ಲಿ ರೋಗಿಗಳನ್ನು ಎತ್ತಿ ಮಲಗಿಸಿ ಪಳಗಿದವಳು, "ಕೈಯಿಂದ ಅಲ್ಲ, ಸೊಂಟ ಕೊಟ್ಟು ಎಳೀರಿ" ಎಂದು ಹೇಳಿಕೊಟ್ಟಳು. ದೇವರ ಕಡೆಯ ನಾವು ಹೊಳೆಯುವ ಬೂಟು ಹಾಕಿ ನುಣುಪು ನೆಲದ ಮೇಲೆ ನಿಂತಿದ್ದೆವು. ಸಾಲದ್ದಕ್ಕೆ ಫೋಟೊದಲ್ಲಿ ಬೀಳಬೇಕೆಂದು ಎಲ್ಲರೂ ಮುಂದೆ ನುಗ್ಗಿದ್ದೆವು. ಹೇಳುವುದೇನು, ಅಧ್ಯಕ್ಷ ಟೈ ಸಮೇತ ಜಾರುತ್ತ ಹೋದ. ನಾವು ಅವನ ಹಿಂದೆ ಮೆರವಣಿಗೆ ಹೊರಟಂತೆ ಹೋದೆವು.

ಗಂಟೆ ನಕ್ಕಳು ನೋಡಿ, ಕಿಟಕಿ ಗಾಜು ಅದುರಿತು. ಪರಿಶೀಲಕರು ಡೈರಿಯಲ್ಲಿ ಮುಖ ಮುಚ್ಚಿಕೊಂಡರು, ಅವರ ಭುಜ ಕುಣಿಯುತ್ತಿತ್ತು. ಆದರೆ ಹಗ್ಗ ಸಡಿಲಾದ ಗಳಿಗೆಯಲ್ಲಿ ಸೈತಾನನ ಕಡೆಯವರು ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಎಲ್ಲರೂ ಎದ್ದರು. ಹಿರಿಯ ಫಾದರ್ ಮಾತ್ರ ಏಳಲಿಲ್ಲ. ಮಂಡಿ ತಿರುಚಿ ಊದಿಕೊಂಡಿತ್ತು. ಗಂಟೆಯ ನಗು ಅರ್ಧಕ್ಕೇ ಕತ್ತರಿಸಿದಂತೆ ನಿಂತಿತು. ಅವಳೇ ಓಡಿಬಂದು ಮಂಡಿಯ ಎರಡೂ ಬದಿಗೆ ಅಳತೆಕೋಲು ಇಟ್ಟು ಕಟ್ಟಿ, ಆಸ್ಪತ್ರೆಗೆ ಕರೆದೊಯ್ದಳು.

ಮರುದಿನ ಸಮಿತಿ ಸಭೆ. ಸೈತಾನನ ತಂಡಕ್ಕೆ ಜಪಸರ ಹಂಚಬಹುದೇ ಎಂಬುದರ ಮೇಲೆ ಒಂದೂವರೆ ಗಂಟೆ ಚರ್ಚೆಯಾಯಿತು. ಗಂಟೆಯನ್ನು ಹುದ್ದೆಯಿಂದ ತೆಗೆಯುವ ವಿಷಯ ಎರಡೇ ನಿಮಿಷದಲ್ಲಿ ಮುಗಿಯಿತು. ಅವಳು ಸಭೆಗೆ ಬಂದಿರಲಿಲ್ಲ. ನಾನು ತಲೆ ಎತ್ತದೆ ಎಲ್ಲವನ್ನೂ ಬರೆದುಕೊಂಡೆ. ವಾರದ ನಂತರ ಪರಿಶೀಲಕರ ವರದಿಯೂ ಬಂತು. ಅದರಲ್ಲಿ ಒಂದೇ ಸಾಲು: "ಹಗ್ಗ ಹಳೆಯದು, ಬದಲಿಸುವುದು." ಅಧ್ಯಕ್ಷ ಹಾಳೆಯನ್ನು ತಿರುಗಿಸಿ ಹಿಂಬದಿಯಲ್ಲಿ ಏನಾದರೂ ಇದೆಯೇ ಎಂದು ನೋಡಿದ.

ಫಾದರ್ ಮಲಗಿದ್ದ ಮೂಳೆ ವಾರ್ಡಿನಲ್ಲೇ ಆ ತಿಂಗಳು ಗಂಟೆಯ ಪಾಳಿ. ಅವರ ಮೈ ಒರೆಸುವಳು, ಮಾತ್ರೆ ಕೊಡುವಳು, ಮುಖ ಮಾತ್ರ ನೋಡುತ್ತಿರಲಿಲ್ಲ. ಹತ್ತು ದಿನ ಅವಳು ನಕ್ಕಿದ್ದನ್ನು ಯಾರೂ ಕೇಳಲಿಲ್ಲ. ಹನ್ನೊಂದನೇ ದಿನ ನಾನು ಕಿತ್ತಳೆ ಹಣ್ಣು ಹಿಡಿದು ಹೋದಾಗ ಅವಳು ಮಂಚದ ಪಕ್ಕ ನಿಂತು ಪಿಸುಗುಟ್ಟುತ್ತಿದ್ದಳು.

"ಫಾದರ್, ತಪ್ಪು ನಂದೇ. ನಾನು ಆ ಕಡೆ ಹೋಗದಿದ್ರೆ ನೀವೂ ಬರ್ತಿರಲಿಲ್ಲ."

"ಏನು?" ಎಂದರು ಕಿವಿ ಮಂದದ ಫಾದರ್.

"ತಪ್ಪು ನಂದು!"

"ಜೋರಾಗಿ ಹೇಳಮ್ಮಾ!"

"ನಾನು ಸೈತಾನನ ಕಡೆಯವಳು!" ಎಂದು ಅವಳು ಕೂಗಿದಳು. ಹನ್ನೆರಡು ಹಾಸಿಗೆಗಳಲ್ಲೂ ತಲೆಗಳು ಎದ್ದವು.

"ಅಷ್ಟೇನಾ?" ಎಂದರು ಫಾದರ್. "ಮಗಳೇ, ಮಂಡಿ ಮೊದಲಿಂದ್ಲೂ ಸರಿ ಇರ್ಲಿಲ್ಲ. ಡಾಕ್ಟರು ಮೂರು ವರ್ಷದಿಂದ ಬಾ ಅಂತಿದ್ರು, ನಾನೇ ತಪ್ಪಿಸ್ಕೊಂಡು ಓಡಾಡ್ತಿದ್ದೆ. ನೀನು ಬಂದು ಆಸ್ಪತ್ರೆಗೆ ಸೇರಿಸ್ದೆ. ಈಗ ಒಂದು ಪ್ರಾಯಶ್ಚಿತ್ತ ಕೊಡ್ತೀನಿ, ಮಾಡ್ತೀಯಾ?"

"ಮಾಡ್ತೀನಿ."

"ಶನಿವಾರ ಇಲ್ಲೇ ಆಟ ಆಡಿಸು. ಇಲ್ಲಿರೋರೆಲ್ಲಾ ಗೋಡೆ ನೋಡಿ ನೋಡಿ ಬಿರುಕು ಎಣಿಸ್ತಿದಾರೆ."

ಅವಳು ವಾರ್ಡಿನ ಹಿರಿಯ ಸಿಸ್ಟರ್ ಹಿಂದೆ ಎರಡು ದಿನ ಸುತ್ತಿ ಅಪ್ಪಣೆ ಪಡೆದಳು. ಶನಿವಾರ ಸಂಘದ ಕಡೆಯಿಂದ ನಾವು ಒಂಬತ್ತು ಜನ ಹೋದೆವು. ಫಾದರ್ ಚಿಕ್ಕ ಪ್ರಾರ್ಥನೆ ಮಾಡಿದರು. ಬೇಡವೆಂದವರು ಮಲಗಿಯೇ ಇದ್ದರು. ಆಮೇಲೆ ದಿಂಬು ದಾಟಿಸುವ ಆಟ: ಹಾಡು ನಿಂತಾಗ ದಿಂಬು ಯಾರ ಬಳಿ ಇರುತ್ತದೋ ಅವರಿಗೆ ಶಿಕ್ಷೆ. ಕಾಲು ಮುರಿದ ಬಸ್ ಚಾಲಕನೊಬ್ಬ ಬಂದ ದಿನದಿಂದ ಹೆಂಡತಿಯೊಂದಿಗೂ ಮಾತು ಬಿಟ್ಟಿದ್ದ. ದಿಂಬು ಕೈಗೆ ಬಂದದ್ದೇ ಅವನು ಬಿಸಿ ಕೆಂಡ ಹಿಡಿದವನಂತೆ ಎಸೆದ. ಆ ದಿಂಬು ಆಗಷ್ಟೇ ಬಾಗಿಲಲ್ಲಿ ಕಾಣಿಸಿಕೊಂಡ ಅಧ್ಯಕ್ಷನ ಎದೆಗೆ ಬಡಿಯಿತು. ಹಾಡು ನಿಂತಿತು.

"ನಾನು ಆಟಕ್ಕೆ ಬಂದಿಲ್ಲ, ಫಾದರನ್ನ ನೋಡೋಕೆ ಬಂದೆ" ಎಂದ ಅಧ್ಯಕ್ಷ.

"ದಿಂಬು ಯಾರ ಕೈಲಿದೆ, ತಮ್ಮಾ?" ಎಂದ ಚಾಲಕ. "ಕರಡಿ ಆಗು. ಈ ಕೊನೆಯಿಂದ ಆ ಕೊನೆತನಕ."

ಅಧ್ಯಕ್ಷ ಫಾದರ್ ಕಡೆ ನೋಡಿದ. ಅವರು ಕೇಳಿಸದವರಂತೆ ಕಿತ್ತಳೆ ಸುಲಿಯುತ್ತಿದ್ದರು. ಅವನು ಟೈ ಬಿಚ್ಚಿ ಜೇಬಿಗಿಟ್ಟ, ಮಂಡಿಯೂರಿದ, ಹನ್ನೆರಡು ಹಾಸಿಗೆಗಳ ನಡುವೆ ಕರಡಿಯಾಗಿ ನಡೆದ. ಮೊದಲು ನ್ಯಾಯಾಲಯಕ್ಕೆ ಹೊರಟ ಕರಡಿಯಂತಿದ್ದ. ಐದನೇ ಹಾಸಿಗೆಯ ಹತ್ತಿರ ಬರುವಾಗ ಗುರುಗುಟ್ಟಲೂ ಕಲಿತಿದ್ದ. ಚಾಲಕ ನಗುತ್ತ ನಗುತ್ತ ಕೆಮ್ಮಿದ, ಪಕ್ಕದಲ್ಲಿ ಕೂತ ಅವನ ಹೆಂಡತಿ ಕಣ್ಣೊರೆಸಿಕೊಂಡಳು. ಗಂಟೆ ಕಿಟಕಿಯ ಸರಳು ಹಿಡಿದು ನಕ್ಕಳು. ಕೆಳಗಿನ ಮಹಡಿಯಿಂದ ಸಿಸ್ಟರ್ ಮೇಲೆ ಓಡಿಬಂದು, ಬೈಯಲು ಬಾಯಿ ತೆರೆದು, ಕರಡಿಯನ್ನು ನೋಡಿ ಹಾಗೇ ನಿಂತರು.

ಹೊರಡುವಾಗ ಅಧ್ಯಕ್ಷ ಅವಳಿಗೆ, "ನಿನ್ನ ಹುದ್ದೆ ವಾಪಸ್ ಕೊಡೋಣ ಅಂತಿದ್ದೀವಿ" ಎಂದ.

"ನನಗೆ ಪರೀಕ್ಷೆ ಇದೆ, ಆಮೇಲೆ ನೋಡೋಣ" ಎಂದು ಅವಳು ಬ್ಯಾಂಡೇಜಿನ ತಟ್ಟೆ ಎತ್ತಿಕೊಂಡು ಹೋದಳು. ಆ ಪರೀಕ್ಷೆಯಲ್ಲಿ ಜಸ್ಟ್ ಪಾಸಾದಳು. ಹುದ್ದೆ ತೆಗೆದುಕೊಳ್ಳಲೇ ಇಲ್ಲ, ಆಟ ಆಡಿಸುವುದನ್ನು ಬಿಡಲೂ ಇಲ್ಲ.

ಎರಡು ತಿಂಗಳಾದ ಮೇಲೆ ಆ ಚಾಲಕ ಊರುಗೋಲಿನಲ್ಲಿ ನಮ್ಮ ಕೂಟಕ್ಕೆ ಬಂದ. ಚರ್ಚಿನ ಮುಖ ನೋಡಿದವನಲ್ಲ. ಚಹಾದ ಹೊತ್ತಿಗೆ ಬಂದು, ಎರಡು ಬನ್ ತಿಂದು, ಮೊದಲ ಆಟದಲ್ಲೇ ಮೋಸ ಮಾಡಿ ಸಿಕ್ಕಿಬಿದ್ದ. ಮುಂದಿನ ಶನಿವಾರ ಪ್ರಾರ್ಥನೆಗೆ ಇನ್ನೂ ಐದು ನಿಮಿಷ ಇರುವಾಗಲೇ ಬಂದ, ಹೆಂಡತಿಯನ್ನೂ ಕರೆತಂದಿದ್ದ. ಎಲ್ಲಿ ಕೂರಬೇಕೆಂದು ತಿಳಿಯದೆ ಇಬ್ಬರೂ ಬಾಗಿಲಲ್ಲೇ ನಿಂತಿದ್ದರು. ಗಂಟೆ ಬೆಂಚಿನಲ್ಲಿ ಸರಿದು ಕೂತು ಜಾಗ ಮಾಡಿಕೊಟ್ಟಳು.